ಐದನೇ ಅಂಶ

ನಾಲ್ಕು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಿದ್ದಳು ನಮ್ಮಜ್ಜಿ. ಅವನು ಹೊಡೆಯಲಿ ಅಂತ ಇವನು, ಇವನು ಹೊಡೆಯಲಿ ಅಂತ ಅವನು. ಅಷ್ಟರಲ್ಲಿ ಹಾವು ಬಿಲ ಸೇರಿರುತ್ತದೆ. ಅಜ್ಜಿ ಕಂಪ್ಯೂಟರ್ ಕಂಡವಳಲ್ಲ. ಕಂಡಿದ್ದರೆ ಇನ್ನೊಂದು ಮಾತು ಸೇರಿಸುತ್ತಿದ್ದಳು. ಹಾವು ಸಾಯುವುದಿಲ್ಲ ಅನ್ನುವುದು ಹಾಗಿರಲಿ, ಕಚ್ಚಿದ್ದು ಯಾವ ಹಾವು ಅಂತಲೂ ಗೊತ್ತಾಗುವುದಿಲ್ಲ.

ಈ ವಿಷಯ ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದು ಎಲ್ಲರಿಗೂ ಗೊತ್ತು. ಬಿಡಿ ಮೇಡಂ, ಆಗಿದ್ದು ಆಗಿಹೋಯಿತು, ಬಿಪಿ ಯಾಕೆ ಜಾಸ್ತಿ ಮಾಡಿಕೊಳ್ಳುತ್ತೀರಿ ಅನ್ನುತ್ತಾರೆ. ನನ್ನ ಬಿಪಿ ನನ್ನದು. ಅದರ ಮೇಲಾದರೂ ನನ್ನ ಹೆಸರಿದೆ.

ನಾನು ಸಮಾಜ ವಿಜ್ಞಾನದ ಟೀಚರ್. ಮನೆ ನಂಜನಗೂಡಿನಲ್ಲಿ, ಕೆಲಸ ಬಿಳಿಗೆರೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಹತ್ತನೇ ಕ್ಲಾಸಿನಲ್ಲಿ ಓದು ಹತ್ತದ ಮಕ್ಕಳಿಗೆ ಅಂತ ವರ್ಷಾ ವರ್ಷಾ ಒಂದು ತೆಳು ಪುಸ್ತಕ ಮಾಡುತ್ತೇವೆ. ಪಾಸಿಂಗ್ ಪ್ಯಾಕೇಜ್ ಅನ್ನುತ್ತಾರೆ ಅದನ್ನು. ಇಡೀ ಪಠ್ಯವನ್ನು ಹಿಂಡಿ, ಇಷ್ಟು ಕಲಿತರೆ ಪಾಸಾಗುತ್ತೀಯ ಅಂತ ಕೈಗೆ ಕೊಡುವ ಪುಸ್ತಕ. ಚೆನ್ನಾಗಿ ಓದುವ ಮಕ್ಕಳು ಅದನ್ನು ಮೂಸಿಯೂ ನೋಡುವುದಿಲ್ಲ. ಓದಲಾರದ ಮಕ್ಕಳು ಅದನ್ನು ಎದೆಗೆ ಅವಚಿಕೊಂಡು ಓಡಾಡುತ್ತಾರೆ.

ಮೊದಲು ಇದನ್ನು ಇಬ್ಬರೇ ಮಾಡುತ್ತಿದ್ದೆವು. ನಾನು, ಮತ್ತು ಟಿ. ನರಸೀಪುರ ತಾಲ್ಲೂಕಿನ ಒಬ್ಬ ಹಿರಿಯ ಮೇಷ್ಟ್ರು. ಅವರ ಮನೆ ಸೋಸಲೆಯಲ್ಲಿ. ನಾನು ನೀಲಿ ಪೆನ್ನಿನಲ್ಲಿ ಬರೆದು, ಹಾಳೆಗಳನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ, ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಆ ಕಡೆ ಅವರು ಇಳಿಸಿಕೊಳ್ಳುತ್ತಿದ್ದರು. ಚೀಲ ತಿರುಗಿ ಬರುವಾಗ ಹಾಳೆಗಳ ಮೇಲೆ ಹಸಿರು ಮಸಿ ಇರುತ್ತಿತ್ತು. ಹಸಿರು ಮಸಿ ಬಳಸುವುದು ಗೆಜೆಟೆಡ್ ಆಫೀಸರುಗಳು, ನಿಮಗೆ ಯಾರು ಕೊಟ್ಟರು ಆ ಪದವಿ ಅಂತ ನಾನು ಅವರನ್ನು ರೇಗಿಸುತ್ತಿದ್ದೆ. ಮನಸ್ಸಿನಲ್ಲಿ ನಾನು ಎಂದೋ ಗೆಜೆಟೆಡ್ ಕಣ್ರೀ ಅನ್ನುತ್ತಿದ್ದರು ಅವರು.

ನಿಯಮ ಮಾಡಿದ್ದು ಅವರೇ. ತಿದ್ದುವವರು ಹಳೆಯ ಸಾಲನ್ನು ಗೀಚಿ ಹಾಳು ಮಾಡಬಾರದು. ಓದಲು ಬರುವ ಹಾಗೆ ಒಂದೇ ಗೆರೆ ಎಳೆಯಬೇಕು. ಪಕ್ಕದಲ್ಲಿ ಹೊಸದನ್ನು ಬರೆದು ಸೈನ್ ಹಾಕಬೇಕು, ತಾರೀಖು ಹಾಕಬೇಕು, ಯಾಕೆ ತಿದ್ದಿದೆ ಅಂತ ಒಂದು ಮಾತು ಬರೆಯಬೇಕು. ಇನ್ನೊಬ್ಬರು ಅದನ್ನು ನೋಡಿ ಒಪ್ಪಿ ಸೈನ್ ಹಾಕಿದರೆ ಮಾತ್ರ ಅದು ಪುಸ್ತಕಕ್ಕೆ ಹೋಗುತ್ತದೆ. ಒಂದು ಅರ್ಧವಿರಾಮ ಬದಲಿಸಿದರೂ ಸೈನ್ ಹಾಕುತ್ತಿದ್ದರು ಆ ಮನುಷ್ಯ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಪುಸ್ತಕ ಅಚ್ಚಾಗಿ ಬಂದಾಗ ಯಾವ ಸಾಲು ಯಾರದ್ದು, ಯಾಕೆ ಹಾಗಿದೆ ಅಂತ ಇಬ್ಬರಿಗೂ ಗೊತ್ತಿರುತ್ತಿತ್ತು.

ಈಚೆಗೆ ಇಬ್ಬರೇ ಮಾಡುವುದು ಸರಿಯಲ್ಲ, ಎರಡೂ ತಾಲ್ಲೂಕಿನವರು ಸೇರಿ ಮಾಡೋಣ ಅಂತ ಆಯಿತು. ವಾಟ್ಸಾಪ್ ಗ್ರೂಪ್ ಆಯಿತು. ಆ ಹಿರಿಯ ಮೇಷ್ಟ್ರೇ ಅದಕ್ಕೆ ಅಡ್ಮಿನ್. ಯಾವುದೋ ತರಬೇತಿಗೆ ಹೋಗಿ ಬಂದವರು, ಇನ್ನು ಬಸ್ಸು ಚೀಲ ಎಲ್ಲ ಸಾಕು ಮೇಡಂ, ಆನ್‌ಲೈನಿನಲ್ಲಿ ಒಂದು ಡಾಕ್ಯುಮೆಂಟ್ ತೆರೆದು ಲಿಂಕ್ ಹಾಕುತ್ತೇನೆ, ಎಲ್ಲರೂ ಒಂದೇ ಹೊತ್ತಿಗೆ ಬರೆಯಬಹುದು, ನೀವು ನಂಜನಗೂಡಿನಲ್ಲಿ ಟೈಪ್ ಮಾಡಿದ್ದು ನನಗೆ ಸೋಸಲೆಯಲ್ಲಿ ಆಗಲೇ ಕಾಣುತ್ತದೆ ಅಂದರು. ನನಗೂ ಖುಷಿಯಾಯಿತು. ಆಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಆ ವರ್ಷ ನನ್ನ ಮನಸ್ಸಿನಲ್ಲಿ ಇದ್ದದ್ದು ಒಬ್ಬ ಹುಡುಗಿ. ಎರಡನೇ ಬೆಂಚಿನಲ್ಲಿ ಗೋಡೆಗೆ ಒತ್ತಿ ಕೂರುವವಳು. ಅವರಪ್ಪ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಾನೆ. ಅಕ್ಕ ಹತ್ತರಲ್ಲಿ ಫೇಲಾಗಿ ಬಟ್ಟೆ ಫ್ಯಾಕ್ಟರಿಗೆ ಹೋಗುತ್ತಾಳೆ. ಬೆಳಿಗ್ಗೆ ಊರಿಗೇ ಬಸ್ಸು ಬಂದು ಹತ್ತಿಸಿಕೊಂಡು ಹೋಗುತ್ತದೆ. ಇವಳಿಗೆ ಅಪ್ಪ ಹೇಳಿದ್ದು ಇಷ್ಟೇ. ಪಾಸಾದರೆ ನಂಜನಗೂಡಿನ ಕಾಲೇಜು, ಫೇಲಾದರೆ ಅಕ್ಕನ ಬಸ್ಸು. ಇವಳಿಗೆ ನರ್ಸ್ ಆಗುವ ಆಸೆ. ಆ ಹುಡುಗಿಯ ತೊಂದರೆ ಏನೆಂದರೆ ಸ್ವಂತವಾಗಿ ಒಂದು ವಾಕ್ಯ ಕಟ್ಟು ಅಂದರೆ ಮೊದಲ ಪದದಲ್ಲೇ ಪೆನ್ನು ನಿಂತುಬಿಡುತ್ತದೆ. ಆದರೆ ಕೊಟ್ಟದ್ದನ್ನು ಬಾಯಿಪಾಠ ಮಾಡು ಅಂದರೆ, ಪುಟದ ಕೆಳಗಿನ ನಂಬರನ್ನೂ ಸೇರಿಸಿ ಒಪ್ಪಿಸುತ್ತಾಳೆ. ಹಾಗಾಗಿ ನಾನು ಅವಳಿಗೆ ಹೇಳಿದ್ದೆ, ಪ್ಯಾಕೇಜ್ ಬರುತ್ತದೆ, ಅದರಲ್ಲಿ ಒಂದು ಸಾಲೂ ಬಿಡದೆ ಕಲಿ, ನೀನು ಪಾಸಾಗುವುದು ನನ್ನ ಜವಾಬ್ದಾರಿ ಅಂತ.

ಮಣ್ಣಿನ ಪಾಠವನ್ನು ನಾನು ಬರೆದದ್ದು ಅವಳಂಥವರನ್ನು ಕಣ್ಣ ಮುಂದೆ ಇಟ್ಟುಕೊಂಡು. ಮಣ್ಣಿನ ಸವೆತಕ್ಕೆ ಕಾರಣಗಳೇನು ಅನ್ನುವ ಪ್ರಶ್ನೆಗೆ ನಾಲ್ಕು ಅಂಶ. ಕಾಡು ಕಡಿಯುವುದು, ದನ ಕುರಿಗಳನ್ನು ಅತಿಯಾಗಿ ಮೇಯಿಸುವುದು, ಇಳಿಜಾರಿನಲ್ಲಿ ಹೇಗೆಂದರೆ ಹಾಗೆ ಉಳುವುದು, ಇಟ್ಟಿಗೆ ಹೆಂಚಿಗೆ ಮೇಲ್ಮಣ್ಣು ತೆಗೆಯುವುದು. ಒಂದೊಂದಕ್ಕೂ ಮಗು ಕಣ್ಣಾರೆ ಕಂಡಿರುವ ಒಂದು ಉದಾಹರಣೆ. ನಾಲ್ಕನೆಯದನ್ನು ಕ್ಲಾಸಿನಲ್ಲಿ ಹೇಳಿದಾಗ ಆ ಹುಡುಗಿ ನಕ್ಕು, ಅಂಗಾದ್ರೆ ನಮ್ಮಪ್ಪಾನೂ ಒಂದು ಕಾರಣ ಮಿಸ್ ಅಂದಿದ್ದಳು. ಅವಳು ಕ್ಲಾಸಿನಲ್ಲಿ ತಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕಂಪ್ಯೂಟರ್ ಮುಂದೆ ಕೂತು ಆ ಲಿಂಕ್ ಒತ್ತಿದೆ. ಡಾಕ್ಯುಮೆಂಟ್ ತೆರೆಯಿತು. ಮೇಲಿನ ಮೂಲೆಯಲ್ಲಿ ಯಾರು ಯಾರು ಒಳಗಿದ್ದಾರೆ ಅಂತ ತೋರಿಸಬೇಕಲ್ಲ, ನೋಡಿದರೆ ಒಂದು ನರಿ, ಒಂದು ಒಂಟೆ, ಒಂದು ಬಾವಲಿ. ಹೆಸರು ಹಾಕಿ ಒಳಗೆ ಬರದೆ ಬರೀ ಲಿಂಕ್ ಒತ್ತಿ ಬಂದವರಿಗೆಲ್ಲ ಅದು ಒಂದೊಂದು ಪ್ರಾಣಿಯ ಚಿತ್ರ ಕೊಡುತ್ತದಂತೆ. ನಮ್ಮವರು ಯಾರೂ ಹೆಸರು ಹಾಕಿರಲಿಲ್ಲ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ರಗಳೆ ಬೇಡ ಅಂತ, ಲಿಂಕ್ ಇದ್ದವರೆಲ್ಲ ತಿದ್ದಬಹುದು ಅಂತ ಬಾಗಿಲು ತೆರೆದಿಟ್ಟಿದ್ದರು ಅಡ್ಮಿನ್. ಎರಡು ತಾಲ್ಲೂಕಿನ ಸಮಾಜ ವಿಜ್ಞಾನ ಮೈಸೂರು ಝೂ ಆಗಿ ಕೂತಿತ್ತು. ನಾನು ಮಾತ್ರ ನನ್ನ ಹೆಸರು ಹಾಕಿಕೊಂಡು ಒಳಗೆ ಹೋದೆ.

ನಾನು ನಾಲ್ಕು ಅಂಶ ಟೈಪ್ ಮಾಡಿದೆ. ಮಾಡಿ ಮುಗಿಸುತ್ತಿದ್ದ ಹಾಗೆಯೇ ನಾಲ್ಕನೆಯದು ನನ್ನ ಕಣ್ಣೆದುರಿಗೇ ಬಾಲದಿಂದ ತಲೆಯ ಕಡೆಗೆ ಅಳಿಸಿಕೊಂಡು ಹೋಯಿತು. ಮತ್ತೆ ಟೈಪ್ ಮಾಡಿದೆ. ಮೂರನೆಯದೂ ಹೋಯಿತು. ನನ್ನ ಕೈಗೆ ಏನೋ ಆಗಿದೆ ಅಂದುಕೊಂಡೆ. ಗ್ರೂಪಿನಲ್ಲಿ ಯಾರು ಇದು ಅಳಿಸುತ್ತಿರುವವರು ಅಂತ ಕೇಳಿದರೆ ಉತ್ತರವಿಲ್ಲ. ಆಮೇಲೆ ಅಡ್ಮಿನ್ ಫೋನ್ ಮಾಡಿ, ಎರಡು ಅಂಶ ಸಾಕಲ್ಲವಾ ಮೇಡಂ ಅಂತ ಕೆಲವರ ಅಭಿಪ್ರಾಯ ಅಂದರು. ಕೆಲವರು ಅಂದರೆ ಯಾರು ಅಂದೆ. ಕೆಲವರು ಅಂದರು. ಅಳಿಸುವ ಮುಂಚೆ ಕೇಳುವ ಸೌಜನ್ಯ ಬೇಡವೇ ಅಂದರೆ, ಲೈವ್ ಅಂದಮೇಲೆ ಹಾಗೇ ಮೇಡಂ, ಎಲ್ಲರದ್ದೂ ಸೇರಿ ಕೊನೆಗೆ ಒಂದು ಹದಕ್ಕೆ ಬರುತ್ತದೆ ಅಂದರು. ಪಿತ್ತ ನೆತ್ತಿಗೇರಿತು. ನಾನೂ ಹಟ ಹಿಡಿದು ಸಂಜೆಯವರೆಗೂ ಕೂತೆ. ಅವರು ಅಳಿಸುವುದು, ನಾನು ಬರೆಯುವುದು. ಕೊನೆಗೆ ನರಿ ಹೋಯಿತು, ಒಂಟೆ ಹೋಯಿತು, ಬಾವಲಿಯೂ ಹೋಯಿತು. ನಾಲ್ಕೂ ಅಂಶ ಉಳಿದವು. ಪಾಠವನ್ನು ಒಂದು ಸಲ ಪೂರ್ತಿ ಓದಿ, ಸರಿಯಾಗಿದೆ ಅಂತ ಗ್ರೂಪಿನಲ್ಲಿ ಹಾಕಿ, ಒಲೆಯ ಮೇಲೆ ಅನ್ನಕ್ಕಿಟ್ಟೆ.

ಮಾರನೆಯ ದಿನ ಅಡ್ಮಿನ್ ಅದೇ ಲಿಂಕನ್ನು ಪ್ರೆಸ್ಸಿನವನಿಗೆ ಕಳಿಸಿದರು. ಒಂದು ಪ್ರತಿ ತೆಗೆದಿಟ್ಟು ಅದನ್ನು ಕಳಿಸಲಿಲ್ಲ. ನಾವು ಮುಗಿಸಿದೆವು ಅಂತ ಬಾಗಿಲು ಹಾಕಲೂ ಇಲ್ಲ. ಎಲ್ಲರೂ ಕೈ ಹಾಕಬಹುದಾದ ಆ ಡಾಕ್ಯುಮೆಂಟನ್ನೇ ಕಳಿಸಿದರು. ಪ್ರೆಸ್ಸಿನವನು ತನಗೆ ಬಿಡುವಾದಾಗ ತೆರೆದ, ಆಗ ಅದರಲ್ಲಿ ಏನಿತ್ತೋ ಅದನ್ನು ಅಚ್ಚು ಹಾಕಿದ. ಮುಖಪುಟದ ಮೇಲೆ ಸಂಪಾದಕರು ಅಂತ ನನ್ನ ಹೆಸರು ಹಾಕಿದ್ದರು, ನಾನೇ ಹೆಚ್ಚು ಬರೆದದ್ದರಿಂದ. ಅಚ್ಚಾಗಿ ಬಂದಮೇಲೆ ಇನ್ನೊಂದು ಸಲ ಓದಬೇಕಿತ್ತು ಅಂತ ಈಗ ನನಗೆ ಬುದ್ಧಿ ಹೇಳುವವರು ಬಹಳ ಜನ. ಓದಿ ಸರಿಯಿದೆ ಅಂತ ಹೇಳಿಯಾದ ಮೇಲೆ ಅದು ತಾನಾಗಿ ಬೆಳೆಯುತ್ತದೆ ಅಂತ ನನಗೆ ಯಾರು ಹೇಳಿದ್ದರು? ಬಸ್ಸಿನಲ್ಲಿ ಹೋದ ಹಾಳೆ ಚೀಲದೊಳಗೆ ಬೆಳೆದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಫೈನಲ್ ಪರೀಕ್ಷೆಗೆ ಮುಂಚೆ ಪ್ರಿಪರೇಟರಿ ಅಂತ ಒಂದು ಪರೀಕ್ಷೆ ಇರುತ್ತದೆ. ಆ ಸಲ ಉತ್ತರಪತ್ರಿಕೆಗಳನ್ನು ಅದಲು ಬದಲು ಮಾಡಿಕೊಂಡೆವು. ನಮ್ಮ ಮಕ್ಕಳದ್ದು ನರಸೀಪುರದವರು ತಿದ್ದಬೇಕು, ಅವರದ್ದು ನಾವು. ನಾನು ಸ್ಟಾಫ್ ರೂಮಿನಲ್ಲಿ ಅವರ ಕಟ್ಟು ಬಿಚ್ಚಿಕೊಂಡು ಕೂತಿದ್ದಾಗ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಯಾವುದೋ ಮಗುವಿನ ಉತ್ತರ. ಕೆಳಗೆ ಹೊಟ್ಟೆ ಹಿಡಿದು ನಗುವ ಮುಖಗಳು. ಹಾಕಿದವರು, ಮಣ್ಣಿನ ಸವೆತಕ್ಕೆ ಹೊಸ ಕಾರಣ ಕಂಡುಹಿಡಿದಿದ್ದಾಳೆ ನೋಡಿ, ಯಾವ ಸ್ಕೂಲಿನ ರತ್ನ ಇದು ಅಂತ ಬರೆದಿದ್ದರು. ಒಬ್ಬರಾದ ಮೇಲೆ ಒಬ್ಬರು ನಕ್ಕರು. ಯಾರೋ ಚಪ್ಪಾಳೆ ಹಾಕಿದರು.

ಅಕ್ಷರ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಗುಂಡು ಗುಂಡಾಗಿ, ಒತ್ತಿ ಒತ್ತಿ ಬರೆಯುವವಳು ಅವಳೊಬ್ಬಳೇ. ನಾಲ್ಕು ಅಂಶ ನಾನು ಬರೆಸಿದ ಹಾಗೇ ಇತ್ತು, ಒಂದು ಅಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ. ಅದರ ಕೆಳಗೆ ಐದು ಅಂತ ನಂಬರ್ ಹಾಕಿ ಬರೆದಿದ್ದಳು: ಇವರಿಗೆ ಇಷ್ಟೆಲ್ಲ ಯಾಕೆ, ಹೇಗಿದ್ದರೂ ಪಾಸಾಗುವವರಲ್ಲ.

ಬ್ಯಾಗಿನಿಂದ ಪ್ಯಾಕೇಜ್ ತೆಗೆದೆ. ಮಣ್ಣಿನ ಪಾಠ ತಿರುಗಿಸಿದೆ. ಅಲ್ಲಿತ್ತು. ನನ್ನ ನಾಲ್ಕು ಅಂಶದ ಕೆಳಗೆ, ಅದೇ ದಪ್ಪ ಅಕ್ಷರದಲ್ಲಿ, ಐದನೆಯದಾಗಿ. ಯಾರೋ ಪುಣ್ಯಾತ್ಮರು ತಮ್ಮ ಟೀಕೆಯನ್ನು ಪಕ್ಕದಲ್ಲಿ ಬರೆಯುವ ಬದಲು ನನ್ನ ನಾಲ್ಕನೇ ಸಾಲಿನ ತುದಿಗೆ ಹೋಗಿ ಎಂಟರ್ ಒತ್ತಿದ್ದಾರೆ. ಕಂಪ್ಯೂಟರ್ ತಾನಾಗಿ ಐದು ಅಂತ ನಂಬರ್ ಕೊಟ್ಟಿದೆ. ಒಬ್ಬರು ಇನ್ನೊಬ್ಬರಿಗೆ ಆಡಿಕೊಂಡ ಮಾತು ಪಾಠವಾಯಿತು. ಎರಡು ತಾಲ್ಲೂಕಿನ ಮಕ್ಕಳ ಕೈಗೆ ಹೋಯಿತು.

ಆ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ನಗುತ್ತಿದ್ದೀರಲ್ಲ, ಇದನ್ನು ಬರೆದ ರತ್ನ ಯಾವ ಸ್ಕೂಲಿನದು ಹೇಳಿ ಅಂತ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಗುವ ಮುಖಗಳು ಒಂದೊಂದಾಗಿ ಮಾಯವಾದವು. ಈ ಸಂದೇಶವನ್ನು ಅಳಿಸಲಾಗಿದೆ, ಈ ಸಂದೇಶವನ್ನು ಅಳಿಸಲಾಗಿದೆ ಅಂತ ಸಾಲಾಗಿ ಬಂತು. ಮಗುವಿನ ಉತ್ತರದ ಫೋಟೋ ಕೂಡ ಹೋಯಿತು. ಡಾಕ್ಯುಮೆಂಟ್ ತೆರೆದು ನೋಡಿದರೆ ಅಲ್ಲಿಯೂ ಐದನೇ ಸಾಲು ಆಗಲೇ ಇಲ್ಲ. ಎಷ್ಟು ಚುರುಕು ನೋಡಿ. ಎರಡು ಅಂಶ ಸಾಕು ಅಂತ ಒಂದು ಮಧ್ಯಾಹ್ನವೆಲ್ಲ ಕಾದಾಡಿದವರು, ಇದನ್ನು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಅಳಿಸಿಬಿಟ್ಟರು. ಅಚ್ಚಾದ ಪುಸ್ತಕದಲ್ಲಿ ಅಳಿಸುವುದಕ್ಕೆ ಮಾತ್ರ ಯಾರಿಗೂ ಬರಲಿಲ್ಲ.

ನಮ್ಮ ಸ್ಕೂಲಿನ ಕಂಪ್ಯೂಟರ್ ಟೀಚರನ್ನು ಕೂರಿಸಿಕೊಂಡು, ಇದನ್ನು ಬರೆದವರು ಯಾರು, ತೆಗೆದವರು ಯಾರು, ಹುಡುಕಿಕೊಡಮ್ಮ ಅಂದೆ. ಡಾಕ್ಯುಮೆಂಟಿನಲ್ಲಿ ಹಳೆಯದೆಲ್ಲ ಉಳಿದಿರುತ್ತದೆ ಮೇಡಂ ಅಂತ ಅವಳು ಹಿಂದೆ ಹಿಂದೆ ಹೋದಳು. ನಾನು ಬರೆದ ಸಾಲುಗಳ ಪಕ್ಕದಲ್ಲೆಲ್ಲ ನನ್ನ ಹೆಸರಿತ್ತು. ಐದನೇ ಸಾಲಿನ ಪಕ್ಕದಲ್ಲಿ ಅನಾಮಧೇಯ ಅಂತ ಇತ್ತು. ಅಳಿಸಿದ್ದರ ಪಕ್ಕದಲ್ಲಿಯೂ ಅನಾಮಧೇಯ. ಯಾವ ಪ್ರಾಣಿ ಅಂತಾದರೂ ಹೇಳು ಅಂದೆ, ಅದೂ ಉಳಿಯುವುದಿಲ್ಲ ಅಂದಳು.

ಆಮೇಲೆ ಅವಳು ಒಂದು ಮಾತು ಹೇಳಿದಳು. ಪ್ರೋಗ್ರಾಮ್ ಬರೆಯುವವರು ಹೀಗೆ ಎಲ್ಲರೂ ಒಂದೇ ಹಾಳೆಯ ಮೇಲೆ ಬೀಳುವುದಿಲ್ಲವಂತೆ. ಒಬ್ಬೊಬ್ಬರೂ ತಮ್ಮ ತಮ್ಮ ಪ್ರತಿಯಲ್ಲಿ ತಿದ್ದಿ, ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಹೆಸರಿನ ಸಮೇತ ಬರೆದು ಕಳಿಸುತ್ತಾರಂತೆ. ಇನ್ನೊಬ್ಬರು ಓದಿ ಒಪ್ಪಿದರೆ ಮಾತ್ರ ಅದು ಮೂಲಕ್ಕೆ ಸೇರುತ್ತದೆ. ಹಳೆಯದು ಹಾಗೇ ಇರುತ್ತದೆ. ವರ್ಷನ್ ಕಂಟ್ರೋಲ್ ಅನ್ನುತ್ತಾರಂತೆ ಅದನ್ನು. ಅಮ್ಮಾ ತಾಯಿ, ಇದನ್ನು ನಾವು ನರಸೀಪುರದ ಬಸ್ಸಿನಲ್ಲಿ ಮಾಡುತ್ತಿದ್ದೆವು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಬಿಸಿಯೂಟ ಮುಗಿದ ಮೇಲೆ ಆ ಹುಡುಗಿಯನ್ನು ಕರೆದೆ. ತಟ್ಟೆ ತೊಳೆದು, ಒದ್ದೆ ಕೈ ಲಂಗಕ್ಕೆ ಒರೆಸಿಕೊಳ್ಳುತ್ತಾ ಬಂದಳು. ಉತ್ತರಪತ್ರಿಕೆಯ ಮಾತೆತ್ತಿ, ಐದನೆಯದನ್ನು ಯಾಕೆ ಬರೆದೆ ಅಂತ ಮೆತ್ತಗೆ ಕೇಳಿದೆ.

"ಪುಸ್ತಕ್ದಲ್ಲಿ ಇತ್ತಲ್ಲ ಮಿಸ್. ಒಂದ್ ಸಾಲೂ ಬಿಡ್ಬೇಡ ಅಂತ ಏಳಿದ್ರಿ."

ಅದಕ್ಕೂ ಮಣ್ಣಿಗೂ ಸಂಬಂಧ ಇಲ್ಲ ಅಂತ ಅನ್ನಿಸಲಿಲ್ಲವಾ ಅಂದೆ.

"ಅನ್ನಿಸ್ತು ಮಿಸ್. ಅದು ನಮ್ಗೇ ಬರ್ದಿರೋದು ಅಂತ ಗೊತ್ತಾಯ್ತು." ಒರೆಸಿದ ಕೈಯನ್ನೇ ಮತ್ತೆ ಲಂಗಕ್ಕೆ ಒರೆಸಿಕೊಂಡಳು. "ಮುಂದ್ಗಡೆ ನಿಮ್ಮೆಸ್ರು ಇತ್ತಲ್ಲ. ನೀವೇ ಬರ್ದಿದೀರಿ ಅಂದ್ಮೇಲೆ ನಿಜಾನೇ ಇರ್ಬೇಕು ಅನ್ಕಂಡೆ. ಅಪ್ಪಂಗೂ ಏಳ್ಬುಟ್ಟೆ, ಅಕ್ಕನ್ ಬಸ್ಗೇ ಓಯ್ತೀನಿ ಅಂತ."

ನಾನು ಬರೆದದ್ದಲ್ಲ ಅಂದೆ. ಅವಳು ತಲೆ ಆಡಿಸಿದಳು. ನಂಬಿ ತಲೆ ಆಡಿಸಿದ್ದಲ್ಲ ಅದು. ದೊಡ್ಡವರು ಏನೋ ಹೇಳುತ್ತಿದ್ದಾರೆ, ಹೂಂ ಅನ್ನಬೇಕು, ಅಷ್ಟೇ. ನನ್ನ ಎದೆಗೆ ಬೆಂಕಿ ಬಿದ್ದ ಹಾಗಾಯಿತು. ಇಪ್ಪತ್ತು ವರ್ಷದ ಮೇಲೆ ಪಾಠ ಮಾಡಿದ್ದೇನೆ, ಬೈದಿದ್ದೇನೆ, ಕಿವಿ ಹಿಂಡಿದ್ದೇನೆ, ನೀನು ಪಾಸಾಗುವುದಿಲ್ಲ ಅಂತ ಒಂದು ಮಗುವಿಗೂ ಹೇಳಿದವಳಲ್ಲ. ಯಾರದೋ ನಾಲಿಗೆಯ ಮಾತು ನನ್ನ ಹೆಸರು ಹೊತ್ತುಕೊಂಡು ಹೋಗಿ ಆ ಮಗುವಿನ ಮನೆಯೊಳಗೆ ಕೂತಿತ್ತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಆ ಮೇಕೆ ನಾನು.

ಸಂಜೆ ಮನೆಗೆ ಹೋಗಲಿಲ್ಲ. ನಂಜನಗೂಡಿನಲ್ಲಿ ಇಳಿದು ಹಾಗೇ ನರಸೀಪುರದ ಬಸ್ಸು ಹತ್ತಿದೆ, ಅಲ್ಲಿಂದ ಸೋಸಲೆಗೆ. ಆ ದಾರಿಯಲ್ಲಿ ನನ್ನ ಹಾಳೆಗಳು ಹೋಗಿಬಂದಷ್ಟು ಸಲ ನಾನು ಹೋದವಳಲ್ಲ. ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ನನ್ನ ಮುಖ ನೋಡಿದ ಕೂಡಲೇ ಪೇಪರ್ ಮಡಿಸಿದರು. ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಮುಟ್ಟಲಿಲ್ಲ. ಪುಸ್ತಕ ತೆರೆದು ಆ ಪುಟವನ್ನು ಅವರ ಮುಂದೆ ಇಟ್ಟು, ನೀವಾ ಅಂದೆ.

ಅಲ್ಲ ಅಂದರು. ಹಾಗಾದರೆ ಯಾರು ಅಂದೆ. ಗೊತ್ತಿಲ್ಲ ಅಂದರು. ಆಮೇಲೆ ನನ್ನನ್ನು ಸಮಾಧಾನ ಮಾಡಲು ಶುರು ಮಾಡಿದರು. ಯಾರು ಬರೆದರು ಅನ್ನುವುದನ್ನು ಕೆದಕಿ ಏನು ಪ್ರಯೋಜನ, ಸಿಟ್ಟಿನಲ್ಲಿ ಯಾರೋ ಒಂದು ಮಾತು ಹಾಕಿರುತ್ತಾರೆ, ತೆಗೆಯಲು ಮರೆತಿರುತ್ತಾರೆ, ಹಾಗೆ ನೋಡಿದರೆ ಆ ಮಾತು ಯಾರ ಮನಸ್ಸಿನಲ್ಲಿ ಬಂದಿಲ್ಲ ಹೇಳಿ ಮೇಡಂ, ಎಲ್ಲರ ಪರವಾಗಿ ನಾನೇ ಗ್ರೂಪಿನಲ್ಲಿ ವಿಷಾದ ಅಂತ ಹಾಕುತ್ತೇನೆ.

"ಎಲ್ಲರ ಪರವಾಗಿ ಬೇಡ," ಅಂದೆ. "ನಿಮ್ಮ ಹಸಿರು ಪೆನ್ನು ತಗೊಳ್ಳಿ. ಈ ಸಾಲಿನ ಮೇಲೆ ಒಂದು ಗೆರೆ ಎಳೀರಿ. ಇದು ತಪ್ಪು ಅಂತ ಬರೆದು ಸೈನ್ ಹಾಕಿ. ಅಷ್ಟು ಸಾಕು, ನಾನು ಮಕ್ಕಳಿಗೆ ತೋರಿಸ್ತೀನಿ."

ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಪುಸ್ತಕವನ್ನು ನನ್ನ ಕಡೆಗೇ ಮೆಲ್ಲಗೆ ಸರಿಸಿದರು.

"ನಾನು ಬರೀದೇ ಇದ್ದಿದ್ದಕ್ಕೆ ನಾನ್ಯಾಕೆ ಸೈನ್ ಹಾಕ್ಲಿ ಮೇಡಂ?"

ಅರ್ಧವಿರಾಮಕ್ಕೆ ಸೈನ್ ಹಾಕುತ್ತಿದ್ದ ಮನುಷ್ಯ. ಅವರೇ ಬರೆದರೋ ಬೇರೆಯವರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬರೆದಿರಲಿಕ್ಕಿಲ್ಲ ಅಂತಲೇ ಒಂದೊಂದು ಸಲ ಅನ್ನಿಸುತ್ತದೆ. ಆದರೆ ಆ ಹೊತ್ತಿಗೆ ಅದು ನನಗೆ ಮುಖ್ಯವಾಗಿರಲಿಲ್ಲ. ಬಾಗಿಲು ತೆರೆದಿಟ್ಟವರು ನೀವು, ಒಳಗೆ ನುಗ್ಗಿದ ನಾಯಿ ನನ್ನದಲ್ಲ ಅಂದರೆ ಹೇಗೆ ಅಂತ ಕೇಳಿ ಎದ್ದು ಬಂದೆ. ಕಾಫಿ ಲೋಟದಲ್ಲಿ ಕೆನೆ ಕಟ್ಟಿತ್ತು. ಅವರ ಹೆಂಡತಿಗೆ ಬೇಜಾರಾಯಿತು ಅಂತ ಕಾಣುತ್ತದೆ. ಆ ಹೆಂಗಸಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಅಷ್ಟನ್ನಾದರೂ ಹೇಳಿ ಬರಬೇಕಿತ್ತು.

ಮಾರನೆಯ ದಿನ ಮೊದಲನೇ ಪೀರಿಯಡ್ ನನ್ನದಲ್ಲ. ಕನ್ನಡದವರನ್ನು ಕೇಳಿ ತೆಗೆದುಕೊಂಡೆ. ಎಲ್ಲರೂ ಪ್ಯಾಕೇಜ್ ಹೊರಗೆ ತೆಗೀರಿ ಅಂದೆ. ಮಣ್ಣಿನ ಪಾಠ, ಐದನೇ ಅಂಶ. ಯಾರೂ ಹುಡುಕಲಿಲ್ಲ, ಎಲ್ಲರೂ ನೇರ ಆ ಪುಟಕ್ಕೇ ತಿರುಗಿಸಿದರು. ಆಗ ಗೊತ್ತಾಯಿತು ನನಗೆ, ಎಲ್ಲರೂ ಓದಿದ್ದಾರೆ ಅಂತ. ಓದಿ ಯಾರೂ ನನ್ನನ್ನು ಒಂದು ಮಾತು ಕೇಳಿಲ್ಲ. ಪರೀಕ್ಷೆಯಲ್ಲಿ ಬರೆದವಳು ಒಬ್ಬಳು, ನುಂಗಿಕೊಂಡು ಕೂತವರು ಉಳಿದವರೆಲ್ಲ.

ಒಂದೊಂದೇ ಪುಸ್ತಕ ತರಿಸಿಕೊಂಡೆ. ಕೆಂಪು ಪೆನ್ನಿನಲ್ಲಿ ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಇದು ಸುಳ್ಳು ಅಂತ ಬರೆದೆ, ಸೈನ್ ಹಾಕಿದೆ, ತಾರೀಖು ಹಾಕಿದೆ. ಗೀಚಿ ಮುಚ್ಚಿಬಿಡಿ ಮಿಸ್, ಕಾಣದೇ ಇರ್ಲಿ ಅಂದ ಒಬ್ಬ. ಮುಚ್ಚಬಾರದು ಕಣೋ ಅಂದೆ. ಏನಿತ್ತು ಅಂತಲೂ ಕಾಣಬೇಕು, ಯಾರು ಹೊಡೆದುಹಾಕಿದರು, ಯಾಕೆ ಹೊಡೆದುಹಾಕಿದರು ಅಂತಲೂ ಕಾಣಬೇಕು. ತಿದ್ದಿದವರು ಸೈನ್ ಹಾಕಬೇಕು. ಹಾಕದವರ ಮಾತನ್ನು ನಂಬಬೇಡಿ, ಅದು ಪುಸ್ತಕದಲ್ಲಿದ್ದರೂ ನಂಬಬೇಡಿ. ಕೈ ನೋಯುವವರೆಗೂ ಸೈನ್ ಹಾಕಿದೆ. ಆ ಹುಡುಗಿಯ ಸರದಿ ಬಂದಾಗ ಪುಸ್ತಕ ಚಾಚಿದಳು, ನಾನು ಗೆರೆ ಎಳೆಯುವುದನ್ನು ಬಗ್ಗಿ ನೋಡಿದಳು. ಮಸಿ ಒಣಗಲಿ ಅಂತ ಪುಟ ಮುಚ್ಚದೆ ಹಾಗೇ ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಕೂತಳು.

ಅವತ್ತೇ ಅವರಪ್ಪನನ್ನು ಸ್ಕೂಲಿಗೆ ಕರೆಸಿದೆ. ಮೈಯೆಲ್ಲ ಇಟ್ಟಿಗೆ ಧೂಳಿನಲ್ಲಿ ಬಂದು ಬಾಗಿಲ ಹೊರಗೇ ನಿಂತುಕೊಂಡ. ಒಳಗೆ ಕೂರಿಸಿ, ಫಲಿತಾಂಶ ಬರುವವರೆಗೆ ಮಗಳನ್ನು ಆ ಬಸ್ಸಿಗೆ ಹತ್ತಿಸಿದರೆ ನಾನೇ ಬಂದು ಕೆಳಗೆ ಇಳಿಸುತ್ತೇನೆ ಅಂದೆ. ಆಯ್ತು ಮೇಡಮ್ಮೋರೆ ಅಂದ. ಪರೀಕ್ಷೆಯವರೆಗೂ ದಿನಾ ಸಂಜೆ ಅವಳನ್ನು ಕೂರಿಸಿಕೊಂಡೆ. ಬಾಯಿಪಾಠ ಬಿಡಿಸಿದೆ. ಪುಸ್ತಕ ಮುಚ್ಚು, ನಿಮ್ಮಪ್ಪ ಮಣ್ಣು ಎಲ್ಲಿಂದ ತೆಗೆಯುತ್ತಾರೆ ಹೇಳು ಅನ್ನುತ್ತಿದ್ದೆ. ಮೊದಮೊದಲು ತಡವರಿಸುತ್ತಿದ್ದಳು. ಕೊನೆಕೊನೆಗೆ ನಾನು ಸಾಕು ಅನ್ನುವಷ್ಟು ಹೇಳುತ್ತಿದ್ದಳು.

ಗ್ರೂಪಿನಲ್ಲಿ ವಿಷಾದ ಬಂತು. ಕಣ್ತಪ್ಪಿನಿಂದ ನುಸುಳಿದ ಒಂದು ಸಾಲಿಗಾಗಿ ತಂಡದ ಪರವಾಗಿ ವಿಷಾದಿಸುತ್ತೇವೆ ಅಂತ. ಅದಕ್ಕೆಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಸಾಲು ತಾನಾಗಿ ನುಸುಳಿತಂತೆ, ಕೈಕಾಲು ಇದ್ದ ಹಾಗೆ. ಫಲಿತಾಂಶ ಬಂದ ವಾರದಲ್ಲೇ ಹೊಸ ವರ್ಷದ ಪ್ಯಾಕೇಜಿಗೆ ಹೊಸ ಲಿಂಕ್ ಬಂತು. ಅದನ್ನು ಒತ್ತಿ ನೋಡಿದೆ. ಒಂದು ಒಂಟೆ ಆಗಲೇ ಒಳಗೆ ಕೂತಿತ್ತು. ಹೆಸರು ಹಾಕದೆ ಯಾರೂ ಒಂದಕ್ಷರ ಬರೆಯಕೂಡದು ಅಂತ ಒಪ್ಪಿದರೆ ನಾನಿದ್ದೇನೆ, ಇಲ್ಲದಿದ್ದರೆ ಇಲ್ಲ ಅಂತ ಬರೆದೆ. ನೋಡೋಣ ಮೇಡಂ ಅಂದರು. ಗ್ರೂಪಿನಿಂದ ಆಚೆ ಬಂದೆ. ಈಗ ಅದು ಅವರದು, ಅವರ ಝೂ.

ಅದಾದ ಮೇಲೆ ಒಂದು ದಿನ ಆ ಹುಡುಗಿ ಟೀಸಿ ತೆಗೆದುಕೊಂಡು ಹೋಗಲು ಬಂದಳು, ಅಪ್ಪನ ಜೊತೆ. ನಂಜನಗೂಡಿನ ಕಾಲೇಜಿಗೆ ಅರ್ಜಿ ಹಾಕಿ ಬಂದಿದ್ದರು. ಅಪ್ಪ ಈ ಸಲ ತೊಳೆದ ಅಂಗಿ ಹಾಕಿದ್ದ, ಹೇಳುವ ಮುಂಚೆಯೇ ಒಳಗೆ ಬಂದು ಕೂತ. ನಮ್ಮಲ್ಲಿ ಪಾಸಾದ ಮಕ್ಕಳು ಪ್ಯಾಕೇಜನ್ನು ಮುಂದಿನ ವರ್ಷದ ಮಕ್ಕಳಿಗೆ ಕೊಟ್ಟು ಹೋಗುವುದುಂಟು. ಇವಳೂ ತಂದಿದ್ದಳು, ಮುಲಾಜಿಲ್ಲದೆ ಮೂಲೆ ಮೂಲೆ ಮಡಿಸಿ ಹಣ್ಣು ಮಾಡಿದ್ದ ಪುಸ್ತಕ. ಯಾರಿಗೆ ಕೊಡಲಿ ಇದನ್ನು ಅಂದೆ. "ಯಾರ್ಗೆ ಭಯ ಐತೋ ಅವ್ರಿಗೆ ಕೊಡಿ ಮಿಸ್," ಅಂದಳು.

ಅವರು ಹೋದ ಮೇಲೆ ಪುಟ ತಿರುಗಿಸಿದೆ. ಮಣ್ಣಿನ ಪಾಠ ತಾನಾಗಿ ತೆರೆದುಕೊಂಡಿತು, ಅಷ್ಟು ಸಲ ತೆರೆದಿದ್ದಳು. ಐದನೇ ಸಾಲು, ಅದರ ಮೇಲೆ ನನ್ನ ಕೆಂಪು ಗೆರೆ. ಅದರ ಕೆಳಗೆ, ಇದ್ದ ಸ್ವಲ್ಪ ಜಾಗದಲ್ಲಿ, ಗುಂಡು ಗುಂಡಾಗಿ ಒತ್ತಿ ಒತ್ತಿ ಬರೆದಿತ್ತು: ನಾನು ಪಾಸಾದೆ. ಪಕ್ಕದಲ್ಲಿ ಪೂರ್ತಿ ಹೆಸರಿನ ಸೈನು, ತಾರೀಖು. ಎರಡು ತಾಲ್ಲೂಕಿನ ಅಷ್ಟೂ ಮೇಷ್ಟ್ರುಗಳು ಕೈ ಹಾಕಿದ್ದ ಆ ಪುಸ್ತಕದಲ್ಲಿ, ನನ್ನ ಆ ಕೆಂಪು ಸೈನೊಂದು ಬಿಟ್ಟರೆ, ತಾನು ಬರೆದ ಸಾಲಿಗೆ ತಾನೇ ಸೈನ್ ಹಾಕಿದವಳು ಅವಳೊಬ್ಬಳೇ.